ಒಬ್ಬರಿಗೆ ಮಾತ್ರ ನಿಧಾನ

ಯಂತ್ರ ಎಲ್ಲರಿಗೂ ಒಟ್ಟಿಗೆ ಕೆಟ್ಟರೆ ನನಗೆ ಸಮಾಧಾನ. ನಗಬೇಡಿ, ಇಪ್ಪತ್ತೆರಡು ವರ್ಷ ಸರ್ವರ್ ಕಾಯ್ದವನ ಮಾತಿದು. ಎಲ್ಲರಿಗೂ ಕೆಟ್ಟಿತೆಂದರೆ ಕರೆಂಟು ಹೋಗಿರುತ್ತದೆ, ಇಲ್ಲವೇ ಯಾರೋ ರಸ್ತೆ ಅಗೆದು ಕೇಬಲ್ ಕಡಿದಿರುತ್ತಾರೆ. ಬೈಯಲು ಒಬ್ಬ ಸಿಗುತ್ತಾನೆ, ಸಂಜೆಯೊಳಗೆ ಸರಿಹೋಗುತ್ತದೆ. ಒಬ್ಬರಿಗೆ ಮಾತ್ರ ಕೆಟ್ಟಿತೋ, ಮುಗಿಯಿತು. ಮೇಲಿನವರು ಕೇಳುವುದು ಒಂದೇ ಪ್ರಶ್ನೆ: "ಉಳಿದವರಿಗೆಲ್ಲಾ ಚಲೋ ನಡದೈತಿ, ಇವರೊಬ್ಬರದೇನ್ರಿ ತಕರಾರು?"

ನಮ್ಮದು ಗದಗಿನ ಧ್ವನಿ ಕೇಂದ್ರ. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ಕೊಟ್ಟವರು, ಲಕ್ವ ಹೊಡೆದು ಮಾತು ನಿಂತವರು ನಮ್ಮಲ್ಲಿಗೆ ಬರುತ್ತಾರೆ. ಅವರ ಕುತ್ತಿಗೆಗೆ ಒಂದು ಕೊರಳಪಟ್ಟಿ ಕಟ್ಟಿ ಕಳಿಸುತ್ತೇವೆ. ಸುಮ್ಮನೆ ಬಾಯಿ ಆಡಿಸಿದರೆ ಸಾಕು, ಪಟ್ಟಿ ನರಗಳ ಮಿಡಿತ ಹಿಡಿದು ನಮ್ಮ ಪ್ರಾಕ್ಸಿ ಸರ್ವರಿಗೆ ಕಳಿಸುತ್ತದೆ. ಮಿಡಿತವನ್ನು ಮಾತಾಗಿಸುವ ದೊಡ್ಡ ಯಂತ್ರ ಇರುವುದು ದೂರದ ಊರಿನಲ್ಲಿ. ರೋಗಿಯ ಗುಟ್ಟು ನೇರವಾಗಿ ಅಲ್ಲಿಗೆ ಹೋಗಬಾರದೆಂದು ಕಾನೂನು. ಹಾಗಾಗಿ ಪ್ರಾಕ್ಸಿ ನಡುವೆ ನಿಂತು, ಹೆಸರು ವಿಳಾಸ ಕಳಚಿ ಮಿಡಿತವನ್ನು ಅತ್ತ ದಾಟಿಸಿ, ಮರಳಿ ಬಂದ ಮಾತನ್ನು ಪಟ್ಟಿಗೆ ಮುಟ್ಟಿಸುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆರು ವರ್ಷದಿಂದ ನಾನೂರ ಹನ್ನೆರಡು ಜನ ಹೀಗೆ ಮಾತಾಡುತ್ತಿದ್ದಾರೆ, ಜಗಳಾಡುತ್ತಿದ್ದಾರೆ, ಕಾಯಿಪಲ್ಲೆಯವನ ಜತೆ ಚೌಕಾಸಿ ಮಾಡುತ್ತಿದ್ದಾರೆ.

ಅವರಲ್ಲಿ ಇಂದುಮತಿ ಬಾಳಿಕಾಯಿ ಒಬ್ಬರು. ಬೆಟಗೇರಿ ಕಡೆಯ ಸರಕಾರಿ ಶಾಲೆಯಲ್ಲಿ ಇಪ್ಪತ್ತೊಂದು ವರ್ಷ ಪಾಠ ಹೇಳಿದವರು. ಎಂಟು ತಿಂಗಳ ಹಿಂದೆ ಆಪರೇಷನ್ ಆಗಿ ನಮ್ಮ ಪಟ್ಟಿ ಕಟ್ಟಿಕೊಂಡಿದ್ದರು. ಆ ಸೋಮವಾರ ಅವರೇ ಕೇಂದ್ರಕ್ಕೆ ಬಂದು ನನ್ನ ಮೇಜಿನ ಮುಂದೆ ಕುಳಿತು ಬಾಯಿ ಆಡಿಸಿದರು. ನಾನು ಕಾಯ್ದೆ. ಗೋಡೆ ಗಡಿಯಾರದ ಮುಳ್ಳು ಎಂಟು ಸಲ ಟಿಕ್ ಅಂದ ಮೇಲೆ ಪಟ್ಟಿಯಿಂದ ದನಿ ಬಂತು.

"ಸರ್, ನನ್ನ ಮಾತು ತಡಾ ಆಗಿ ಬರ್ತೈತ್ರಿ. ಗುರುವಾರ ನನ್ನ ಬೋರ್ಡ್ ಐತಿ."

ಬೋರ್ಡ್ ಎಂದರೆ ಅರ್ಹತಾ ಮಂಡಳಿ. ಪಟ್ಟಿ ಕಟ್ಟಿಕೊಂಡ ನೌಕರರು ಆರು ತಿಂಗಳೊಳಗೆ ಕೆಲಸಕ್ಕೆ ಹಾಜರಾದರೆ ಯಾರೂ ಏನೂ ಕೇಳುವುದಿಲ್ಲ. ಅದು ದಾಟಿತೋ, ಮಂಡಳಿಯ ಮುಂದೆ ನಿಲ್ಲಬೇಕು. ಅಲ್ಲಿ ಪ್ರಶ್ನೆಗೆ ಐದು ಸೆಕೆಂಡಿನೊಳಗೆ ಉತ್ತರ ಶುರುವಾಗದಿದ್ದರೆ 'ಪ್ರತಿಕ್ರಿಯೆ ಇಲ್ಲ' ಎಂದು ಬರೆಯುತ್ತಾರೆ. ಬರಹದ ಉತ್ತರ ನಡೆಯುವುದಿಲ್ಲ, ಎರಡನೆಯ ಅವಕಾಶವೂ ಇಲ್ಲ. ಫೇಲಾದರೆ ನೌಕರಿ ಹೋಯಿತು.

"ಮಕ್ಕಳು ಐದು ಸೆಕೆಂಡ್ ಕಾಯೂದಿಲ್ರಿ," ಎಂದರು ಟೀಚರ್, ಮತ್ತೆ ಎಂಟು ಸೆಕೆಂಡು ಕಳೆದು. "ಅದಕ್ಕ ಬೋರ್ಡಿನವರ್ದು ತಪ್ಪು ಅನ್ನಂಗಿಲ್ಲ."

ಪಟ್ಟಿ ಬಿಚ್ಚಿಸಿ ಬೇರೆ ಪಟ್ಟಿ ಕಟ್ಟಿದೆ. ಅದೇ ನಿಧಾನ. ಅವರ ಪಟ್ಟಿಯನ್ನು ನಮ್ಮ ಕ್ಲಾರ್ಕ್ ರೇಷ್ಮಾ ನದಾಫಳ ಪರೀಕ್ಷಾ ಖಾತೆಗೆ ಜೋಡಿಸಿದೆ, ಪಟಪಟ ಮಾತಾಡಿತು. ಪಟ್ಟಿಯದು ತಪ್ಪಲ್ಲ. ಸರ್ವರ್ ಅರ್ಧ ಹೊಟ್ಟೆಯಲ್ಲಿ ಓಡುತ್ತಿತ್ತು, ಲೈನೂ ಚೊಕ್ಕವಾಗಿತ್ತು. ಹಾಗಿದ್ದರೆ ತೊಡಕು ಅವರ ಖಾತೆಯಲ್ಲಿದೆ. ಯಂತ್ರದ ತಾತ್ಕಾಲಿಕ ನೆನಪನ್ನೆಲ್ಲ ಅಳಿಸಿ ಖಾತೆಯನ್ನು ಹೊಸದಾಗಿ ಎಬ್ಬಿಸಿದೆ. ಎಂಟು ಸೆಕೆಂಡು ಎಂಟೇ ಉಳಿಯಿತು.

ಎಂಟು ತಿಂಗಳ ವೇಗದ ಲೆಕ್ಕ ತೆಗೆದು ನೋಡಿದಾಗ ತಲೆ ಕೆಟ್ಟುಹೋಯಿತು. ಹಗಲು ಹತ್ತರಿಂದ ಐದರವರೆಗೆ ಸರಿಯಾಗಿ ಎಂಟು ಸೆಕೆಂಡು, ಒಂದು ಕೂದಲೂ ಆಚೀಚೆ ಇಲ್ಲ. ಬೆಳಿಗ್ಗೆ, ಸಂಜೆ, ರವಿವಾರಗಳಲ್ಲಿ ಎರಡು, ಮೂರು, ಕೆಲವು ಸಲ ನಾಲ್ಕು. ಸಂಜೆ ಎಲ್ಲರೂ ಮನೆ ಸೇರಿ ಮಾತಿಗಿಳಿಯುವ ಹೊತ್ತು, ಆಗ ವೇಗ ಇಳಿಯಬೇಕು. ಇಲ್ಲಿ ಉಲ್ಟಾ. ರವಿವಾರ ರಜೆ ಇದೆಯೆಂದು ಯಾವ ಯಂತ್ರಕ್ಕೂ ಗೊತ್ತಿರುವುದಿಲ್ಲವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮಂಗಳವಾರ ಸಂಜೆ ಅವರ ಮನೆಗೆ ಹೋದೆ. ಟೀಚರ್ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಅತ್ತೆ ಒಳಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದರು. ಪಡಸಾಲೆಯ ಕುರ್ಚಿಯಲ್ಲಿ ಗಂಡ ಗುರುಸಿದ್ದಪ್ಪ ಬಾಳಿಕಾಯಿ, ಪತ್ತಿನ ಸಹಕಾರಿ ಸಂಘವೊಂದರಲ್ಲಿ ಹಿರಿಯ ಗುಮಾಸ್ತ, ಕನ್ನಡಕ ಹಣೆಗೇರಿಸಿ ಫೋನು ನೋಡುತ್ತಿದ್ದ. ಎದ್ದು ನಿಂತು ಕೈಮುಗಿದ. ಬಹಳ ನಮ್ರ ಮನುಷ್ಯ.

"ಟೀಚರ, ಯಾವಾಗಿಂದ ಹಿಂಗ ಆಗೈತ್ರಿ?" ಎಂದು ಕೇಳಿದೆ.

ಅವರು ಕೈಯ ಹಿಟ್ಟು ಒರೆಸಿಕೊಂಡು ಬಾಯಿ ಆಡಿಸಿದರು. ದನಿ ಬರುವುದರೊಳಗೆ ಅತ್ತೆ ಶುರುಮಾಡಿದರು. "ಮೊದಲಿನಿಂದನ ಹಿಂಗ ಐತಪಾ. ನಾವು ಕೇಳಿದ್ದು ಯಾವಾಗೋ, ಆಕಿ ಹೇಳೂದು ಯಾವಾಗೋ. ಹಾಲಿನವ ಕಾಯ್ತಾನೇನು? ಎಲ್ಲಾ ನಾನ ಹೇಳತೇನಿ."

"ಪಟ್ಟಿ ಕಟ್ಟಿದ ದಿನದಿಂದ್ರಿ," ಎಂದಿತು ಟೀಚರ ಪಟ್ಟಿ. ಅಷ್ಟರಲ್ಲಿ ಅತ್ತೆಯ ಮಾತು ಮೊಣಕಾಲು ನೋವಿಗೆ ಹೊರಳಿತ್ತು.

ಆ ಮನೆ ಹೀಗೆ ಹೊಂದಿಕೊಂಡುಬಿಟ್ಟಿತ್ತು. ಅವರನ್ನು ಪ್ರಶ್ನೆ ಕೇಳುತ್ತಿದ್ದರು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಕೆಲವು ಮಾತು ಪೂರ್ತಿ ನುಂಗಿಹೋಗುತ್ತವೆ ಎಂದು ಟೀಚರ್ ಹೇಳಿದರು. ಮೊದಮೊದಲು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರಂತೆ. ಆದರೆ ಜಗಳದ ಮಾತನ್ನು ಪಾಟಿಯ ಮೇಲೆ ಬರೆದು ತೋರಿಸುವವರುಂಟೆ? ಬರೆದು ಮುಗಿಸುವುದರೊಳಗೆ ಸಿಟ್ಟೇ ಆರಿಹೋಗುತ್ತದೆ. ಪಟ್ಟಿ ಎಂದರೆ ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡು ಅವರು ಕ್ರಮೇಣ ಮಾತು ಕಡಿಮೆ ಮಾಡಿದ್ದರು.

"ಮಷೀನಿಗೆ ದಿನಾ ಬೈತೇನ್ರಿ," ಎಂದು ನಕ್ಕರು. ನಗು ಮೊದಲು, ಮಾತು ಆಮೇಲೆ.

ಗುರುಸಿದ್ದಪ್ಪ ಫೋನು ಕೆಳಗಿಟ್ಟು ಚಹಾ ತರಿಸಿದ. "ಹೆಂಗರ ಮಾಡಿ ಸರಿ ಮಾಡ್ರಿ ಸರ್. ಆಕಿಗೆ ಶಾಲಿ ಅಂದ್ರ ಜೀವಾ," ಎಂದ. ನಾನು ಆ ಚಹಾ ಕುಡಿದೆ ಎಂಬುದು ಈಗ ನೆನೆದರೆ ನಾಲಿಗೆ ಕಹಿಯಾಗುತ್ತದೆ.

ಬುಧವಾರ ಬೆಳಿಗ್ಗೆ ಖಾತೆಯನ್ನು ಸಾಲುಸಾಲಾಗಿ ಓದಲು ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. 'ಪಾಲಕರು' ಎಂಬ ಕಾಲಂ. ಅದು ಚಿಕ್ಕ ಮಕ್ಕಳಿಗೆ, ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗೆ ಇಟ್ಟದ್ದು. ಪಾಲಕರಿದ್ದರೆ ಪ್ರಾಕ್ಸಿ ಪ್ರತಿ ಮಾತನ್ನೂ ಹೊರಬಿಡುವ ಮುಂಚೆ ಅವರ ಫೋನಿಗೆ ಕಳಿಸುತ್ತದೆ. 'ಬಿಡು' ಎಂದು ಒತ್ತಿದರೆ ಬಿಡುತ್ತದೆ, 'ತಡೆ' ಎಂದು ಒತ್ತಿದರೆ ತಡೆಯುತ್ತದೆ. ಏನೂ ಒತ್ತದಿದ್ದರೆ ಎಂಟು ಸೆಕೆಂಡು ಕಾಯ್ದು ತಾನೇ ಬಿಡುತ್ತದೆ. ಇಂದುಮತಿ ಬಾಳಿಕಾಯಿ, ವಯಸ್ಸು ನಲವತ್ತಾರು, ಪಾಲಕರು: ಗುರುಸಿದ್ದಪ್ಪ. ಹತ್ತರಿಂದ ಐದು ಅವನ ಸಂಘದ ಕಚೇರಿಯ ಹೊತ್ತು.

ರೇಷ್ಮಾಳನ್ನು ಕರೆದು ಕೂಗಾಡಿದೆ. ಆಕೆ ಹೆದರಲಿಲ್ಲ.

"ನೀವ ಹೇಳಿದ್ರಿ ಸರ್. ಕಾಲಂ ಖಾಲಿ ಬಿಟ್ರ ಅರ್ಜಿ ಮುಂದ ಹೋಗೂದಿಲ್ಲ, ಗಂಡಸರದಿದ್ರ ಒಂದು ಗೀಟು ಎಳಿ, ಹೆಣ್ಮಕ್ಕಳದಿದ್ರ ಗಂಡನ ಹೆಸರು ಹಾಕು ಅಂತ. ಎಲ್ಲಾ ಫಾರ್ಮಿನ್ಯಾಗೂ ಹಂಗ ಹಾಕತೀವಲ್ರಿ."

ಹೇಳಿದ್ದು ಹೌದು. ರೇಷನ್ ಕಾರ್ಡಿನಿಂದ ಹಿಡಿದು ಆಸ್ಪತ್ರೆ ಚೀಟಿಯವರೆಗೆ ಹೆಣ್ಣಿನ ಹೆಸರಿನ ಪಕ್ಕ ಗಂಡನ ಹೆಸರು ಬರೆಯುವುದು ನಮಗೆ ಉಸಿರಾಟದಷ್ಟೇ ಸಲೀಸು. ನಾನು ಎರಡು ಸಲ ಯೋಚಿಸಿರಲಿಲ್ಲ. ಕೇಂದ್ರದ ನೂರಾ ಎಂಬತ್ತು ಹೆಂಗಸರಿಗೂ ಹೀಗೇ ಪಾಲಕರಿದ್ದರು. ಆದರೆ ಪಾಲಕರ ಅಧಿಕಾರ ಜಾರಿಗೆ ಬರಲು ಆ ಗಂಡ ಫೋನಿಗೆ ಬಂದ ಸಂದೇಶವನ್ನು ಕೊನೆಯವರೆಗೆ ಓದಿ 'ಒಪ್ಪಿದೆ' ಎಂದು ಒತ್ತಬೇಕು. ಉಳಿದ ನೂರಾ ಎಪ್ಪತ್ತೊಂಬತ್ತು ಗಂಡಂದಿರು ಅದೇನೋ ಜಾಹೀರಾತು ಎಂದು ಅಳಿಸಿಹಾಕಿದ್ದರು. ಸೋಮಾರಿತನವೇ ಅವರ ಹೆಂಡಂದಿರ ಪುಣ್ಯ. ಜಿಲ್ಲೆಯಲ್ಲಿ ಒಬ್ಬನೇ ಒಬ್ಬ ಬಂದ ಕಾಗದವನ್ನೆಲ್ಲ ಶ್ರದ್ಧೆಯಿಂದ ಓದುವ ಗುಮಾಸ್ತನಿದ್ದ.

ತಡೆದ ಮಾತುಗಳು ಪ್ರಾಕ್ಸಿಯಲ್ಲಿ ಹಾಗೇ ಸರತಿಯಲ್ಲಿ ನಿಂತಿದ್ದವು. ಇನ್ನೂರ ಹದಿನಾಲ್ಕು. ಓದಬಾರದೆಂಬ ನಿಯಮವಿದೆ. ಓದಿದೆ. ಏಳೆಂಟು ಓದಿ ನಿಲ್ಲಿಸಿದೆ. ಅವುಗಳಲ್ಲಿ ಒಂದು, ನಾಲ್ಕನೆಯ ತಿಂಗಳಲ್ಲಿ ಹೆಡ್ಮಾಸ್ತರರಿಗೆ ಫೋನಿನಲ್ಲಿ ಹೇಳಿದ್ದು: 'ಸರ್, ನಾ ಸೋಮವಾರದಿಂದ ಕೆಲಸಕ್ಕ ಬರ್ತೇನ್ರಿ.' ಫೋನಿನಲ್ಲಿ ಪಟ್ಟಿಯ ದನಿ ನೇರ ಲೈನಿಗೆ ಹೋಗುತ್ತದೆ, ಹೇಳಿದವರ ಕಿವಿಗೇ ಬೀಳುವುದಿಲ್ಲ. ಟೀಚರ್ ಹೇಳಿದೆ ಅಂದುಕೊಂಡರು. ಹೆಡ್ಮಾಸ್ತರರು ಉತ್ತರವಿಲ್ಲವೆಂದು ಫೋನಿಟ್ಟರು. ಮರಳಿ ಹಾಜರಾಗಲು ಅವರ ಆದೇಶ ಬರಲೆಂದು ಟೀಚರ್ ಕಾಯುತ್ತಲೇ ಉಳಿದರು. ಆರು ತಿಂಗಳ ಗಡುವು ಹಾಗೆ ದಾಟಿತ್ತು.

ಊಟದ ಹೊತ್ತಿಗೆ ಗುರುಸಿದ್ದಪ್ಪನ ಸಂಘಕ್ಕೆ ಹೋಗಿ ಅವನನ್ನು ಹೊರಗೆ ಕರೆದೆ. ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

"ನಾ ಕೆಟ್ಟ ಮನಶ್ಯಾ ಅಲ್ರಿ ಸರ್," ಎಂದ. "ಎಲ್ಲಾ ತಡದಿಲ್ಲ. ಸಾವಿರಗಟ್ಲೆ ಬಿಟ್ಟೇನಿ. ಮೊದಲ ಎರಡು ದಿನ ಸುಮ್ನ ಓದಿದ್ನಿ. ಒಂದು ದಿನ ಅವ್ವಗ ಏನೋ ಚುಚ್ಚಿ ಅಂದಿದ್ಲು, ಒತ್ತಿಬಿಟ್ನಿ. ಅವತ್ತು ಮನಿ ಎಷ್ಟು ತಣ್ಣಗ ಇತ್ತು ಗೊತ್ತೇನ್ರಿ? ಇಪ್ಪತ್ತು ವರ್ಷದಾಗ ಅಂಥಾ ದಿನ ನೋಡಿದ್ದಿಲ್ಲ. ಆಮ್ಯಾಲ ರೂಢಿ ಆತ್ರಿ."

"ಹೆಡ್ಮಾಸ್ತರಗ ಹೇಳಿದ್ದೂ ಚುಚ್ಚು ಮಾತೇನ್ರಿ?"

ಅವನು ಬೂಟಿನ ತುದಿ ನೋಡಿದ. "ಆಕಿ ಶಾಲಿಗೆ ಹ್ವಾದ್ರ ಅವ್ವನ್ನ ನೋಡವ್ರು ಯಾರ್ರಿ? ಡಾಕ್ಟ್ರೂ ವಿಶ್ರಾಂತಿ ಬೇಕು ಅಂದಿದ್ರು."

ದೂರು ಬರೆಯುತ್ತೇನೆ ಎಂದೆ. ಆಗ ಗುಮಾಸ್ತ ಎಚ್ಚೆತ್ತ. "ಬರೀರಿ ಸರ್. ಪಾಲಕ ಅಂತ ನನ್ನ ಹೆಸರು ಹಾಕಿದವ್ರು ಯಾರು ಅಂತಾನೂ ಬರೀರಿ. ನಾ ಕೇಳಿದ್ನೇನು? ಮನ್ಯಾಗ ಕುಂತಾವಗ ಅಧಿಕಾರ ತಂದು ಕೊಟ್ಟವ್ರು ನೀವು."

ಕಳ್ಳರ ಸಂತೆಯಲ್ಲಿ ಮಾತು ಕಡಿಮೆಯಂತೆ, ವ್ಯವಹಾರ ಬೇಗ ಮುಗಿಯುತ್ತದೆ. ಪಾಲಕನನ್ನು ತೆಗೆಯಬೇಕಾದರೆ ಪಾಲಕನದೇ ಹೆಬ್ಬೆಟ್ಟು ಬೇಕು ಎನ್ನುತ್ತದೆ ನಿಯಮ. ಅವನು ಹೆಬ್ಬೆಟ್ಟು ಕೊಡಲು ಒಪ್ಪಿದ. ಒಂದೇ ಷರತ್ತು, ಆಕೆಗೆ ಗೊತ್ತಾಗಬಾರದು.

"ಮಷೀನ್ ಕೆಟ್ಟಿತ್ತು, ಸರಿ ಆತು ಅಂತ ಹೇಳ್ರಿ. ಆಕಿ ಪಾಸಾಗ್ಲಿ. ನಾ ಇನ್ನ ಮ್ಯಾಲ ಎಂದೂ ಅಡ್ಡ ಬರೂದಿಲ್ಲ."

ನಾನೂ ಒಪ್ಪಿದೆ. ಟೀಚರ ನೌಕರಿ ಉಳಿಯುತ್ತದಲ್ಲ, ಅದೇ ಮುಖ್ಯ ಎಂದು ಮನಸ್ಸಿಗೆ ಹೇಳಿಕೊಂಡೆ. ಉಳಿಯುತ್ತಿದ್ದುದು ನನ್ನ ನೌಕರಿ ಕೂಡ ಎಂಬುದನ್ನು ಹೇಳಿಕೊಳ್ಳಲಿಲ್ಲ.

ಕೇಂದ್ರಕ್ಕೆ ಮರಳಿ ಹೆಬ್ಬೆಟ್ಟು ಏರಿಸಿದೆ. ಬದಲಾವಣೆ ಮರುದಿನ ಬೆಳಿಗ್ಗೆ ಹತ್ತಕ್ಕೆ ಜಾರಿ ಎಂದು ಪರದೆ ಹೇಳಿತು. ಕೆಳಗೆ ಇನ್ನೊಂದು ಸಾಲು: 'ತಡೆದ ಮಾತುಗಳು 214. ಅಳಿಸಬೇಕೇ? ಉಳಿಸಬೇಕೇ?'

ಬೆರಳು 'ಅಳಿಸು' ಮೇಲೆಯೇ ಇತ್ತು. ಒತ್ತಲಾಗಲಿಲ್ಲ. ಒಬ್ಬ ಹೆಂಗಸು ಎಂಟು ತಿಂಗಳು ಆಡಿದ ಮಾತು. ಒಮ್ಮೆ ಅವನು ಬಾಯಿ ಮುಚ್ಚಿಸಿದ್ದಾಗಿದೆ, ಈಗ ನಾನು ಗುರುತೇ ಇಲ್ಲದಂತೆ ಒರೆಸಿಹಾಕುವುದೇ? ಎಂದಾದರೊಂದು ದಿನ ಧೈರ್ಯ ಬಂದರೆ ಅವರ ಕೈಗೇ ಕೊಡೋಣ ಅನ್ನಿಸಿತು. 'ಉಳಿಸು' ಎಂದು ಒತ್ತಿದೆ. ಆ ಮಧ್ಯಾಹ್ನ ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಅದೊಂದೇ ಎಂದು ತಿಳಿದಿದ್ದೆ.

ಗುರುವಾರ ಹತ್ತೂವರೆಗೆ ಮಂಡಳಿ ಸೇರಿತು. ಮೂವರು ಸದಸ್ಯರು, ಅಧ್ಯಕ್ಷರು ಡಾಕ್ಟರ್ ಹಂಚಿನಾಳ. ಪಟ್ಟಿ ಸರಿಯಿದೆ ಎಂದು ಪ್ರಮಾಣ ಮಾಡಲು ಕೇಂದ್ರದಿಂದ ನಾನು. ಗೋಡೆಯ ಪಕ್ಕದ ಬೆಂಚಿನಲ್ಲಿ ಗುರುಸಿದ್ದಪ್ಪ, ಎರಡೂ ಕೈ ತೊಡೆಯ ಮೇಲೆ, ಖಾಲಿ. ಟೀಚರ್ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಬಂದಿದ್ದರು. ಚಾರ್ಜು ಉಳಿಯಲೆಂದು ಬೆಳಿಗ್ಗೆಯಿಂದ ಪಟ್ಟಿಯನ್ನು ಬಂದ್ ಇಟ್ಟಿದ್ದರಂತೆ. ಕುರ್ಚಿಯಲ್ಲಿ ಕುಳಿತ ಮೇಲೆ ಚಾಲೂ ಮಾಡಿದರು.

"ನಿಮ್ಮ ಹೆಸರು, ಹುದ್ದೆ ಹೇಳ್ರಿ," ಎಂದರು ಹಂಚಿನಾಳ.

ಟೀಚರ್ ಬಾಯಿ ಆಡಿಸಿದರು. ಅರ್ಧ ಸೆಕೆಂಡೂ ಆಗಲಿಲ್ಲ, ಪಟ್ಟಿ ಗಟ್ಟಿಯಾಗಿ ನುಡಿಯಿತು.

"ಸಾರಿಗೆ ಉಪ್ಪು ನಾ ಹಾಕಿಲ್ಲ ಅತ್ತಿ, ಎರಡು ಸಲ ಹಾಕಿದವ್ರು ನೀವು."

ಒಬ್ಬ ಸದಸ್ಯರು ನಕ್ಕರು. ನನಗೆ ಆಗ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ: ಸರತಿಯಲ್ಲಿ ಉಳಿಸಿದ್ದು ಎಂದರೆ ಇನ್ನೂ ತಲುಪಿಸಬೇಕಾದದ್ದು. ಬಾಗಿಲು ತೆರೆದ ಕೂಡಲೇ ಹಳೆಯದು ಮೊದಲು ಹೊರಡುತ್ತದೆ. ಕರುಣೆಯ ಭರದಲ್ಲಿ ಅದನ್ನೇ ಮರೆತಿದ್ದೆ.

"ಹೆಸರು ಹೇಳ್ರಿ ಅಂದೆ."

"ಅಕ್ಕಗ ಒಂದು ಫೋನ್ ಹಚ್ಚಿ ಕೊಡ್ರಿ. ನಾ ಹೇಳಿದ್ದು ಕೇಳಸ್ತೇನ್ರಿ? ಆ ಸೀರಿ ಒಲ್ಲೆ ಅಂದೆ ನಾನು. ನಾಕು ಮಂದಿ ಮುಂದ ನನ್ನ ಮಳ್ಳಿ ಅನಬ್ಯಾಡ್ರಿ. ನಾ ಹೇಳಿದ್ದು ಕೇಳಸ್ತೇನ್ರಿ?"

ಕುರ್ಚಿಯ ಹತ್ತಿರ ಓಡಿದೆ. "ಟೀಚರ, ಪಟ್ಟಿ ಬಂದ್ ಮಾಡ್ರಿ, ಲಗೂನ ಬಂದ್ ಮಾಡ್ರಿ." ಅವರ ಕೈ ಗುಂಡಿಯವರೆಗೆ ಹೋಗಿತ್ತು. ಅಲ್ಲೇ ನಿಂತಿತು. ತಮ್ಮ ಮಾತುಗಳ ಗುರುತು ಅವರಿಗೆ ಸಿಕ್ಕಿತ್ತು. ನನ್ನ ಕೈಯನ್ನು ಮೆಲ್ಲಗೆ ಸರಿಸಿ, ತಲೆ ತುಸು ವಾಲಿಸಿ ಕೇಳತೊಡಗಿದರು.

"ಸರ್, ನಾ ಸೋಮವಾರದಿಂದ ಕೆಲಸಕ್ಕ ಬರ್ತೇನ್ರಿ. ನಾ ಹೇಳಿದ್ದು ಕೇಳಸ್ತೇನ್ರಿ? ಹಲೋ, ಸರ್, ನಾ ಹೇಳಿದ್ದು ಕೇಳಸ್ತೇನ್ರಿ?"

ಆಗ ಅವರು ಬೆಂಚಿನ ಕಡೆ, ಮನೆಯಲ್ಲಿ ಸದಾ ಫೋನು ಹಿಡಿದು ಕೂರುತ್ತಿದ್ದ ಗಂಡನ ಕಡೆ, ತಿರುಗಿದರು. ಗುರುಸಿದ್ದಪ್ಪ ನೆಲ ನೋಡುತ್ತಿದ್ದ.

"ಇದೇನ್ರಿ ಕೇಂದ್ರದವರ?" ಎಂದು ಹಂಚಿನಾಳ ನನ್ನನ್ನು ಗದರಿದರು.

ಬಾಯಿ ತುದಿಯಲ್ಲಿ ಎಲ್ಲವೂ ಇತ್ತು. ಕಾಲಂ, ಫೋನು, ಹೆಬ್ಬೆಟ್ಟು, ನಮ್ಮಿಬ್ಬರ ಒಪ್ಪಂದ. ನಾಲ್ಕು ವಾಕ್ಯ ಹೇಳಿದ್ದರೆ ಸಾಕಾಗಿತ್ತು. ನನ್ನ ಪಿಂಚಣಿಗೆ ಇನ್ನು ಮೂರು ವರ್ಷ ಎಂಬುದು ಆಗ ಎಲ್ಲಿಂದ ನೆನಪಾಯಿತೋ ದೇವರೇ ಬಲ್ಲ.

"ತಾಂತ್ರಿಕ ದೋಷ ಸರ್," ಎಂದೆ.

"ಪಟ್ಟಿ ಸರಿ ಐತಿ ಅಂತ ಈಗರ ಸಹಿ ಮಾಡೀರಿ. ಪಟ್ಟಿ ಸರಿ ಇದ್ರ ದೋಷ ಯಾರದು?"

ಪಟ್ಟಿ ಮಾತಾಡುತ್ತಲೇ ಇತ್ತು. ಹಂಚಿನಾಳ ಐದು ನಿಮಿಷ ಕಾಯ್ದರು, ಅದು ಅವರ ದೊಡ್ಡತನವೇ. ಆಮೇಲೆ ಕಾಗದ ಎಳೆದುಕೊಂಡು, ಬರೆಯುತ್ತಾ ಪಕ್ಕದವರಿಗೆ ಓದಿ ಹೇಳಿದರು: "ಉತ್ತರ ಅಸಂಬದ್ಧ. ಮಕ್ಕಳ ಮುಂದ ನಿಲ್ಲಸಾಕ ಬರೂದಿಲ್ಲ. ಅನರ್ಹ." ಮೂವರೂ ಸಹಿ ಹಾಕಿ ಚಹಾಕ್ಕೆ ಎದ್ದುಹೋದರು. ಗುರುಸಿದ್ದಪ್ಪ ಯಾವಾಗಲೋ ಹೊರಗೆ ಜಾರಿಕೊಂಡಿದ್ದ.

ಕೋಣೆಯಲ್ಲಿ ಉಳಿದವರು ನಾವಿಬ್ಬರೇ. ಟೀಚರ್ ಪೂರ್ತಿ ಕೇಳಿದರು, ಒಂದನ್ನೂ ಬಿಡಲಿಲ್ಲ. ಕೆಲವಕ್ಕೆ ತಲೆಯಾಡಿಸಿದರು, ಒಂದೆರಡಕ್ಕೆ ಕಣ್ಣು ಒರೆಸಿಕೊಂಡರು. ಹದಿಮೂರು ನಿಮಿಷವಾದ ಮೇಲೆ ಹಳೆಯದೆಲ್ಲ ಮುಗಿದು, ಸರತಿಯ ಕೊನೆಯಲ್ಲಿ ನಿಂತಿದ್ದ ಇಂದಿನ ಮಾತು ಬಂತು.

"ಇಂದುಮತಿ ಬಾಳಿಕಾಯಿ ಅಂತ್ರಿ. ಸಹಶಿಕ್ಷಕಿ. ಇಪ್ಪತ್ತೊಂದು ವರ್ಷ ಆತ್ರಿ."

ಮೂರು ಖಾಲಿ ಕುರ್ಚಿಗಳು ಅದನ್ನು ಕೇಳಿಸಿಕೊಂಡವು. ಟೀಚರ್ ಸೀರೆಯ ಸೆರಗು ಸರಿಮಾಡಿಕೊಂಡು ಎದ್ದರು.

"ಟೀಚರ," ಎಂದೆ. ಈಗಲಾದರೂ ಹೇಳಬೇಕು ಎಂದೇ ಶುರುಮಾಡಿದೆ. ಬಾಯಿಗೆ ಬಂದದ್ದು ಬೇರೆ. "ಮಷೀನಿನ ತಪ್ಪು ಇದು. ಏನ್ ಮಾಡೂದ್ರಿ, ಮಷೀನ್ ಅಂದ ಮ್ಯಾಲ..."

ನನ್ನ ಮಾತು ಮುಗಿಯುವ ಮೊದಲೇ ಅವರ ಉತ್ತರ ಬಂದಿತ್ತು.

"ಎಂಟು ತಿಂಗಳು ಅದಕ್ಕ ಬೈದ್ನಲ್ರಿ ಸರ್. ಪಾಪ."